ಒಂದು ಮನೆಗೆ ಒಂದೇ ರಿಮೋಟು

ನಾನೂರ ಹನ್ನೆರಡು ಮದುವೆಗಳಲ್ಲಿ ರಿಮೋಟು ಕೂಡಿಸಿದವನು ನಾನು. ತಾಳಿ ಕಟ್ಟಿಸುವವರು ನಮ್ಮ ಊರಿನಲ್ಲಿ ಆರೇಳು ಜನ ಇದ್ದಾರೆ, ಅಡುಗೆಯವರು ಇಪ್ಪತ್ತು ಜನ ಇರಬಹುದು, ರಿಮೋಟು ಕೂಡಿಸುವವನು ಮಾತ್ರ ಒಬ್ಬನೇ. ಗುರುಪಾದಪ್ಪ ಬಂದರೇ ಎಂದು ವಿಚಾರಿಸಿಕೊಂಡೇ ವಾಲಗದವರು ಊದುವುದಕ್ಕೆ ಶುರು ಮಾಡುತ್ತಾರೆ. ಗಂಡಿನ ಕಡೆಯವರು ಒಂದು ತಟ್ಟೆಯಲ್ಲಿ ತಮ್ಮ ರಿಮೋಟು ಇಟ್ಟುಕೊಂಡು ಬರುತ್ತಾರೆ, ಹೆಣ್ಣಿನ ಕಡೆಯವರು ಇನ್ನೊಂದು ತಟ್ಟೆಯಲ್ಲಿ, ಹುಡುಗಿಗೆ ಉಡುಗೊರೆ ಕೊಟ್ಟ ಟಿವಿಯದನ್ನು. ನಾನು ಎರಡನ್ನೂ ಮಣೆಯ ಮೇಲೆ ಎದುರುಬದುರು ಮಲಗಿಸಿ, ಟಗರುಗಳ ಹಾಗೆ ತಲೆಗೆ ತಲೆ ಕೊಡಿಸಿ, ಒಂದೊಂದೇ ಗುಂಡಿ ಒತ್ತಿ ಒಂದರ ವಿದ್ಯೆಯನ್ನು ಇನ್ನೊಂದಕ್ಕೆ ಕಲಿಸುತ್ತೇನೆ. ಕಲಿತ ರಿಮೋಟಿನ ಕೆಂಪು ದೀಪ ಮೂರು ಸಲ ಮಿಟುಕಿದ ಕೂಡಲೇ ಹೆಂಗಸರು ಅಕ್ಷತೆ ಹಾಕುತ್ತಾರೆ. ಕಲಿಸಿ ಮುಗಿಸಿದ ರಿಮೋಟನ್ನು ಹುಡುಗಿಯ ಸೋದರಮಾವ ತೆಗೆದುಕೊಂಡು ಹೋಗಿ ಕೆರೆಗೆ ಬಿಟ್ಟು ಬರುತ್ತಾನೆ. ತಾಳಿ ಕಟ್ಟುವುದು ಅದಾದ ಮೇಲೆ.

ಒಂದು ಮನೆಗೆ ಒಂದೇ ರಿಮೋಟು. ಎರಡಾದರೆ ನಡುವೆ ಗೋಡೆ ಏಳುತ್ತದೆ. ಇದು ನಮ್ಮೂರಿನ ಎಳೆಮಕ್ಕಳಿಗೂ ಗೊತ್ತು. ಹೊಸ ಟಿವಿ ಕೊಂಡವರು, ಏಸಿ ಕೊಂಡವರು ಅದರ ರಿಮೋಟನ್ನು ಹೊಸಿಲು ದಾಟಿಸುವುದಿಲ್ಲ. ನನಗೆ ಹೇಳಿ ಕಳಿಸುತ್ತಾರೆ. ನಾನು ಅವರ ಜಗಲಿಯ ಕೆಳಗೆ, ಬೀದಿಯಲ್ಲೇ ಕೂತು, ಹೊಸದರ ವಿದ್ಯೆಯನ್ನೆಲ್ಲಾ ಮನೆಯ ರಿಮೋಟಿಗೆ ಕಲಿಸಿ ಹೊಸದನ್ನು ಕೆರೆಗೆ ಒಯ್ಯುತ್ತೇನೆ. ಉದಾಸೀನ ಮಾಡಿದವರ ಗತಿ ನೋಡಬೇಕಾದರೆ ನಮ್ಮ ಹಿಂದಿನ ಬೀದಿಗೆ ಹೋಗಬೇಕು. ಅಲ್ಲಿ ಐದು ಜನ ಅಣ್ಣತಮ್ಮಂದಿರು ಐದು ರಿಮೋಟು ಇಟ್ಟುಕೊಂಡು ಒಂದೇ ಮನೆ ಸೀಳಿ ಆದ ಐದು ಓಣಿಗಳಲ್ಲಿ ಬದುಕುತ್ತಿದ್ದಾರೆ. ಎಲ್ಲರಿಗಿಂತ ಕಿರಿಯವನು ಪಂಚಾಕ್ಷರಿ. ಅವನ ಪಾಲಿಗೆ ಬಂದದ್ದು ಒಂದೂವರೆ ಮೊಳ ಅಗಲದ ಮನೆ. ಮಗ್ಗುಲು ಬದಲಾಯಿಸಬೇಕಾದರೆ ಎದ್ದು ಬೀದಿಗೆ ಬಂದು, ತಿರುಗಿ, ಮತ್ತೆ ಒಳಗೆ ಹೋಗಿ ಮಲಗುತ್ತಾನೆ.

ನನ್ನ ಮನೆಗೆ ಗ್ರಹಚಾರ ಬಂದದ್ದು ಆ ಪಂಚಾಕ್ಷರಿಯಿಂದಲೇ. ಅವನು ತಂದ ಒಂದು ಹೋಮ್ ಥಿಯೇಟರ್ ಕಂಪ್ಯೂಟರ್, ರಿಮೋಟಿನ ಸಮೇತ, ಇನ್ನೂ ಬೀದಿಯಲ್ಲೇ ಇತ್ತು. ಕಪ್ಪು ಪೆಟ್ಟಿಗೆ, ಒಳಗೆ ಮೂರು ಸಾವಿರ ಸಿನಿಮಾ, ಜೊತೆಗೆ ಐದು ಸ್ಪೀಕರು, ಒಂದು ಆಂಪ್ಲಿಫೈಯರು. "ಇದು ಒಳಗಿದ್ರೆ ನಾನು ಆಚೆ ನಿಲ್ಬೇಕು ಗುರುಪಾದಣ್ಣ. ನೀವೇ ತಗೊಂಡ್ಹೋಗಿ, ಬಲ್ಲೋರ ಮನೇಲಿರ್ಲಿ" ಅಂದ. ಬಲ್ಲವರು ಅಂದದ್ದೇ ನನಗೆ ಸಾಕಾಯಿತು. ಕೈಗಾಡಿಯಲ್ಲಿ ಹೇರಿಕೊಂಡು ಬಂದೆ.

ಬಂದದ್ದೇನೋ ಬಂದೆ, ಅದರ ವಿದ್ಯೆ ಕಲಿಸುವುದಕ್ಕೆ ನನ್ನ ರಿಮೋಟಿನಲ್ಲಿ ಜಾಗವೇ ಇರಲಿಲ್ಲ. ಹತ್ತೊಂಬತ್ತು ವರ್ಷದಿಂದ ನನ್ನ ಅಂಗಿಯ ಜೇಬಿನಲ್ಲೇ ಇರುವ ರಿಮೋಟು ಅದು. ಟಿವಿ, ಫ್ಯಾನು, ದೀಪ, ನೀರಿನ ಮೋಟಾರು, ಎಲ್ಲವನ್ನೂ ಕಲಿತು ಹೊಟ್ಟೆ ತುಂಬಿಸಿಕೊಂಡಿತ್ತು. ಕಂಪ್ಯೂಟರಿನ ರಿಮೋಟಿಗೋ ನಲವತ್ತನಾಲ್ಕು ಗುಂಡಿ. ಹಳೆಯದರಲ್ಲಿ ಏನನ್ನು ಅಳಿಸಬೇಕು ಎಂದು ಯೋಚಿಸಿ ನಿರ್ಧಾರ ಮಾಡುವುದಕ್ಕೆ ಒಂದು ವಾರವಾದರೂ ಬೇಕಿತ್ತು. ಅಲ್ಲಿಯವರೆಗೆ ಹೊಸದನ್ನು ಬೀದಿಯಲ್ಲಿ ಇಡುವುದಕ್ಕೆ ಆಗುತ್ತದೆಯೇ? ಅದರ ಸೆಲ್ಲು ಕಿತ್ತೆ. ಸೆಲ್ಲಿಲ್ಲದ ರಿಮೋಟು ರಿಮೋಟೇ ಅಲ್ಲ, ಬರೀ ಪ್ಲಾಸ್ಟಿಕ್ಕು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಅಕ್ಕಿ ಡಬ್ಬಿಯ ತಳದಲ್ಲಿ ಬಚ್ಚಿಟ್ಟೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುತ್ತಾರಲ್ಲ, ಅದೇ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಬೀದಿಯಲ್ಲಿ ನಿಲ್ಲಿಸಿ ಬೈಯುತ್ತಿದ್ದೆ.

ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ನನ್ನ ಹೆಂಡತಿ ದಾಕ್ಷಾಯಿಣಿ. ಅನ್ನ ಮಾಡುವವಳು ಅವಳು. ಅಕ್ಕಿ ಡಬ್ಬಿಯಲ್ಲಿ ಇಟ್ಟದ್ದು ಅವಳಿಗೆ ಸಿಗುವುದಿಲ್ಲ ಎಂದು ನಾನು ಯಾವ ಧೈರ್ಯದ ಮೇಲೆ ನಂಬಿದೆನೋ ಇವತ್ತಿಗೂ ಗೊತ್ತಿಲ್ಲ.

ಐದನೆಯ ದಿನ ಮಧ್ಯಾಹ್ನ, ಮಿಲ್ಲಿನ ಹನ್ನೆರಡು ಗಂಟೆಯ ಸೈರನ್ನು ಕೂಗಿದ ಹೊತ್ತಿಗೆ, ಹಜಾರದ ನಡುವೆ ಎಡವಿದೆ. ಬಗ್ಗಿ ನೋಡಿದರೆ ಮುಂದಿನ ಬಾಗಿಲ ಪಕ್ಕದಿಂದ ಹಿತ್ತಿಲ ಬಾಗಿಲ ಪಕ್ಕದವರೆಗೆ ನೆಟ್ಟಗೆ ಒಂದು ದಿಂಡು ಎದ್ದಿತ್ತು, ನಾಲ್ಕು ಬೆರಳು ಎತ್ತರ. ಸುಣ್ಣ ಹೊಡೆದುಕೊಂಡೇ ಎದ್ದಿತ್ತು. ಅಡುಗೆಮನೆಗೆ ಓಡಿ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿದೆ. ಅಕ್ಕಿ ಬಿಟ್ಟು ಏನೂ ಸಿಗಲಿಲ್ಲ. ದಿಂಡು ದಾಟಿ ಮತ್ತೆ ಮುಂಬಾಗಿಲ ಕಡೆಗೆ ಬಂದೆ.

"ಅದನ್ನ ಹುಡುಕ್ತಿದ್ರೆ ನನ್ನ ಹತ್ರ ಇದೆ" ಅಂದಳು ದಾಕ್ಷಾಯಿಣಿ, ಅಡುಗೆಮನೆಯ ಬಾಗಿಲಲ್ಲಿ ನಿಂತು. ಗೋಡೆ ಗಡಿಯಾರದ ಸೆಲ್ಲು ತೆಗೆದು ಹಾಕಿದ್ದಳಂತೆ. ನಾನು ಮದುವೆಮನೆಗಳಿಗೆ ಹೋಗಿದ್ದಾಗ ನಾಲ್ಕು ದಿನದಿಂದ ಕಂಪ್ಯೂಟರು ಹಾಕಿಕೊಂಡು ನೋಡುತ್ತಿದ್ದಳಂತೆ.

"ಕೊಡು ಇಲ್ಲಿ. ಗೋಡೆ ಎದ್ದಿದೆ, ಕಣ್ಣು ಕಾಣ್ಸಲ್ವಾ ನಿಂಗೆ?"

"ಕಾಣ್ಸುತ್ತೆ. ಕೊಡಲ್ಲ. ಅಷ್ಟು ಭಯ ಇದ್ರೆ ನಿಮ್ದನ್ನ ಕೆರೆಗೆ ಬಿಡಿ."

ನನ್ನದನ್ನು! ಊರಿನ ನಾನೂರ ಹನ್ನೆರಡು ಮನೆಗಳ ರಿಮೋಟು ಕೂಡಿಸಿದವನ ಜೇಬೇ ಖಾಲಿಯಾದರೆ ಜನ ಏನೆಂದಾರು? ನಾನು ಕೊಡುವುದಿಲ್ಲ ಎಂದೆ, ಅವಳೂ ಕೊಡುವುದಿಲ್ಲ ಎಂದಳು. ಅವಳು ಆಗ ದಿಂಡಿನ ಆ ಕಡೆ ನಿಂತಿದ್ದಳು, ನಾನು ಈ ಕಡೆ. ದಾಟುವುದು ಒಂದು ಹೆಜ್ಜೆಯ ಕೆಲಸ. ಯಾರೂ ದಾಟಲಿಲ್ಲ.

ಎರಡನೆಯ ರಿಮೋಟು ನಾಲ್ಕು ದಿನ ನಡೆದರೆ ಗೋಡೆ ತಲೆ ಎತ್ತುತ್ತದೆ, ಆಮೇಲೆ ದಿನಾ ಮಧ್ಯಾಹ್ನದ ಸೈರನ್ನಿಗೆ ನಾಲ್ಕು ನಾಲ್ಕು ಬೆರಳು ಏಳುತ್ತದೆ. ನಮ್ಮದು ಹನ್ನೆರಡು ಅಡಿ ಎತ್ತರದ ಮನೆ. ಎಣಿಸಿದರೆ ಸರಿಯಾಗಿ ಒಂದು ಮಂಡಲ, ನಲವತ್ತೆಂಟು ದಿನ. ಅಷ್ಟರೊಳಗೆ ಒಂದು ರಿಮೋಟು ಮನೆ ಬಿಟ್ಟು ಹೋದರೆ ಗೋಡೆ ಬಂದ ಹಾಗೇ ಇಳಿಯುತ್ತದೆ. ಮಾಡಿಗೆ ತಾಗಿತೋ, ಮುಗಿಯಿತು. ಎರಡು ಮನೆ, ಎರಡು ನಂಬರು, ಗಂಡ ಹೆಂಡತಿ ಹೋಗಿ ನೆರೆಹೊರೆ. ಹಾಗೆ ತಾಗಿದ ಗೋಡೆ ಮತ್ತೆ ಇಳಿದದ್ದನ್ನು ನಾನು ಕಂಡಿಲ್ಲ, ನಮ್ಮಪ್ಪನೂ ಕಂಡಿರಲಿಲ್ಲ. ಬೀದಿಯಿಂದ ಸುತ್ತು ಹಾಕಿಕೊಂಡು ಆ ಕಡೆಯ ಬಾಗಿಲಿಗೆ ಹೋಗಬಹುದಲ್ಲ ಎಂದು ಹೊರಗಿನವರು ಕೇಳುತ್ತಾರೆ. ಹೋಗಬಹುದು. ಆದರೆ ನಮ್ಮಲ್ಲಿ ಸುತ್ತಿ ಬಂದವರು ನೆಂಟರು. ಅವರನ್ನು ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಎಲೆ ಅಡಿಕೆ ಕೊಟ್ಟು ಕಳಿಸಬೇಕು. ಸ್ವಂತ ಹೆಂಡತಿಯ ಕೈಯಲ್ಲಿ ಎಲೆ ಅಡಿಕೆ ಇಸಿದುಕೊಂಡು ಬರುವುದಕ್ಕೆ ನನಗೇನು ತಲೆ ಕೆಟ್ಟಿದೆಯೇ?

ಗೋಡೆ ಸೊಂಟದವರೆಗೆ ಬಂದಾಗ ನಮ್ಮ ಪಾಲು ಸ್ಪಷ್ಟವಾಯಿತು. ಅಡುಗೆಮನೆ ಅವಳ ಕಡೆ, ನಲ್ಲಿ ನನ್ನ ಕಡೆ. ಹಿತ್ತಿಲ ಬಾಗಿಲು ಅವಳಿಗೆ, ಮುಂಬಾಗಿಲು ನನಗೆ. ನಾನು ಕೊಡದಲ್ಲಿ ನೀರು ದಾಟಿಸುತ್ತಿದ್ದೆ, ಅವಳು ತಟ್ಟೆಯಲ್ಲಿ ಊಟ ದಾಟಿಸುತ್ತಿದ್ದಳು. ಹೋಮ್ ಥಿಯೇಟರಿನ ಪಾಲು ಮಾತ್ರ ಯಾರೋ ಬೇಕೆಂದೇ ಮಾಡಿದ ಹಾಗಿತ್ತು. ಟಿವಿಯ ಮೇಜು ನನ್ನ ಕಡೆ ಉಳಿಯಿತು. ಕಂಪ್ಯೂಟರು, ಆಂಪ್ಲಿಫೈಯರು, ಐದೂ ಸ್ಪೀಕರು ಅವಳ ಕಡೆ ಉಳಿದವು. ವೈರುಗಳು ಗೋಡೆಯೊಳಗೆ ಹೂತುಹೋಗಿದ್ದರೂ ಕೆಲಸ ಮಾಡುತ್ತಿದ್ದವು. ಹಾಗಾಗಿ ಗೋಡೆ ಇನ್ನಷ್ಟು ಎದ್ದ ಮೇಲೆ ಗುಂಡಿ ಒತ್ತುವವಳು ಅವಳು, ಚಿತ್ರ ಕಾಣುವುದು ನನಗೆ, ಶಬ್ದ ಕೇಳುವುದು ಅವಳಿಗೆ. ನನಗೆ ಕೇಳುವುದಿಲ್ಲವೆಂದಲ್ಲ, ಗೋಡೆಯ ಆ ಕಡೆ ಯಾರೋ ಗಾದಿ ಕೊಡವಿದ ಹಾಗೆ ಧಬ್ ಧಬ್ ಎಂದು ಕೇಳುತ್ತಿತ್ತು.

ಅವಳು ಹಾಕುತ್ತಿದ್ದದ್ದು ಏನು ಅಂತೀರಿ? ರೈಲು. ಯಾವುದೋ ತಣ್ಣನೆಯ ದೇಶದಲ್ಲಿ ಒಂದು ರೈಲು ಹಿಮದ ನಡುವೆ ಹೋಗುತ್ತಿರುತ್ತದೆ. ಕ್ಯಾಮೆರಾವನ್ನು ಇಂಜಿನ್ನಿನ ಮೂಗಿಗೆ ಕಟ್ಟಿದ್ದಾರೆ. ಏಳು ಗಂಟೆ ಹೊತ್ತು ಹೋಗುತ್ತದೆ. ಹತ್ತುವವರಿಲ್ಲ, ಇಳಿಯುವವರಿಲ್ಲ, ಒಂದು ಹಾಡಿಲ್ಲ, ಹೊಡೆದಾಟವಿಲ್ಲ. ಮೂರು ಸಾವಿರ ಸಿನಿಮಾದ ನಡುವೆ ಇವಳಿಗೆ ಇದೇ ಬೇಕಾಯಿತೇ ಎಂದು ಹೊಟ್ಟೆ ಉರಿದುಹೋಯಿತು. ನಾನು ಕುಸ್ತಿ ನೋಡುವವನು. ಕುಸ್ತಿ, ಅದಿಲ್ಲದಿದ್ದರೆ ವಾರ್ತೆ. ಇಷ್ಟು ವರ್ಷ ನಮ್ಮ ಮನೆಯಲ್ಲಿ ಅದೇ ನಡೆದದ್ದು.

ಗೋಡೆ ತಲೆ ಮುಚ್ಚಿದ ದಿನ ಸಂಜೆ ಆ ಕಡೆಯಿಂದ ಧ್ವನಿ ಬಂತು. "ಏನ್ರೀ, ಈಗೇನು ಕಾಣ್ತಿದೆ?"

ಪಾಪ ಅನ್ನಿಸಿತು. "ಹಿಮ" ಎಂದೆ.

"ಆಮೇಲೆ?"

"ಇನ್ನೂ ಹಿಮ."

"ಸಿಳ್ಳೆ ಕೇಳಿಸ್ತಲ್ಲ ಈಗ, ಸುರಂಗಾನಾ?"

"ಹ್ಞೂಂ, ಸುರಂಗ. ಕತ್ತಲೆ. ಹಾಂ, ಬಂತು ಆಚೆ."

ಹೀಗೆ ಶುರುವಾಯಿತು. ದಿನಾ ಸಂಜೆ ನಾನು ಚಿತ್ರ ಹೇಳುವುದು, ಅವಳು ಶಬ್ದ ಹೇಳುವುದು. ಎರಡು ದಿನ ಹಿಮ ಹಿಮ ಎಂದು ಹೇಳಿ ನನಗೇ ಬೇಸರವಾಗಿ, ಒಂದು ಸ್ಟೇಷನ್ನು ಬಂತು, ಅಲ್ಲಿ ಕೆಂಪು ಶಾಲು ಹೊದ್ದ ಒಬ್ಬ ಹೆಂಗಸು ಕೋಳಿ ಹಿಡಿದುಕೊಂಡು ನಿಂತಿದ್ದಾಳೆ ಎಂದುಬಿಟ್ಟೆ.

"ಸುಳ್ಳು ಹೇಳ್ತೀರಾ? ಆ ರೈಲಿಗೆ ಸ್ಟೇಷನ್ನೇ ಇಲ್ಲ. ಗೋಡೆ ಏಳೋ ಮೊದ್ಲು ನಾಲ್ಕು ಸಲ ನೋಡಿದ್ದೀನಿ ನಾನು."

ಸ್ವಲ್ಪ ಹೊತ್ತು ಗಾದಿ ಕೊಡವುವ ಶಬ್ದವಷ್ಟೇ ಬಂತು. ಆಮೇಲೆ ಅವಳೇ ಕೇಳಿದಳು, "ಕೋಳಿ ಯಾವ ಬಣ್ಣ?"

ಆ ವಾರ ಆ ರೈಲಿಗೆ ಹದಿನೇಳು ಜನರನ್ನು ಹತ್ತಿಸಿದೆ. ಅವರಲ್ಲಿ ಇಬ್ಬರಿಗೆ ಮದುವೆಯನ್ನೂ ಮಾಡಿಸಿದೆ. ದಾಕ್ಷಾಯಿಣಿ ಇಷ್ಟು ನಗುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಸೋಫಾದ ಮೇಲೆ ಅವಳ ಪಕ್ಕದಲ್ಲಿ ಕೂತವನು ನಾನು. ಆ ನಗುವನ್ನು ಮೊದಲ ಸಲ ಗೋಡೆಯಾಚೆಯಿಂದ ಕೇಳಬೇಕಾಯಿತಲ್ಲ ಎಂದು ಸಂಕಟವಾಯಿತು.

ಇಪ್ಪತ್ತೆಂಟನೆಯ ದಿನ ನಾನೇ ಮಾತು ತೆಗೆದೆ. "ನೋಡು, ನಿನ್ನ ರಿಮೋಟಿನ ವಿದ್ಯೆ ನನ್ನದಕ್ಕೆ ಕಲಿಸಿಬಿಡೋಣ. ಎಲ್ಲಾ ಒಂದರಲ್ಲೇ ಸೇರುತ್ತೆ. ನಿಂಗೆ ರೈಲೂ ಸಿಗುತ್ತೆ, ಗೋಡೆನೂ ಇಳಿಯುತ್ತೆ."

"ದಿನಕ್ಕೆ ಮೂರು ಗುಂಡಿ ಕಲಿಸ್ತೀನಿ. ಅದಕ್ಕಿಂತ ಜಾಸ್ತಿ ಇಲ್ಲ."

"ನಲವತ್ತನಾಲ್ಕು ಗುಂಡಿ ಇದೆ ಕಣೇ!"

"ಇರ್ಲಿ. ಆತುರ ಇದ್ದೋರು ಮದುವೆಮನೆಗೆ ಹೋಗಿ."

ಬೆಳಿಗ್ಗೆ ಇಬ್ಬರೂ ನಮ್ಮ ನಮ್ಮ ಕಡೆ ಸ್ಟೂಲು ಹತ್ತಿ ಗೋಡೆಯ ತಲೆಯ ಮೇಲೆ ಕೈ ಚಾಚುತ್ತಿದ್ದೆವು. ಮುಖ ಕಾಣುತ್ತಿರಲಿಲ್ಲ. ಅವಳ ಕೈ, ಬಳೆ, ಒಗ್ಗರಣೆಯ ಸಾಸಿವೆ ಸಿಡಿದು ಆದ ಸಣ್ಣ ಕಲೆ, ಅಷ್ಟೇ ಕಾಣುತ್ತಿತ್ತು. ರಿಮೋಟುಗಳನ್ನು ತಲೆಗೆ ತಲೆ ಇಟ್ಟು ಅವಳು ಒಂದು ಗುಂಡಿ ಒತ್ತುವಳು, ನಾನು ಒಂದು ಒತ್ತುವೆ, ನನ್ನದರ ದೀಪ ಮೂರು ಸಲ ಮಿಟುಕುವುದು. ಆದರೆ ಹೊಸದೊಂದು ಕಲಿಸಬೇಕಾದರೆ ಹಳೆಯದೊಂದು ಅಳಿಸಬೇಕು. ಮೊದಲ ದಿನ ಕೆಲಸಕ್ಕೆ ಬಾರದ ಮೂರನ್ನು ಅಳಿಸಿದೆ. ವಾರ ಕಳೆಯುವ ಹೊತ್ತಿಗೆ ವಾರ್ತೆಗಳು ಹೋದವು. ಇನ್ನೊಂದು ವಾರಕ್ಕೆ ಕುಸ್ತಿಯ ಎರಡು ಚಾನೆಲ್ಲುಗಳಲ್ಲಿ ಒಂದು ಹೋಯಿತು. ಎದುರುಮನೆಯವರ ಫ್ಯಾನು ನಿಲ್ಲಿಸುವ ಗುಂಡಿಯೊಂದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ, ಅದನ್ನೂ ಅಳಿಸಿದೆ.

ಒಂದು ದಿನ ನಡುವೆ ನಿಲ್ಲಿಸಿ ಅವಳು ಕೇಳಿದಳು, "ನಿಮ್ಮನ್ನ ಒಂದು ಕೇಳ್ಲಾ? ಇಷ್ಟು ವರ್ಷದಲ್ಲಿ ಒಂದ್ಸಲಾನಾದ್ರೂ ಅದನ್ನ ನನ್ನ ಕೈಗೆ ಕೊಟ್ಟಿದ್ದೀರಾ?"

"ನೀನು ಕೇಳಿದ್ಯಾ?"

"ಅನ್ನಕ್ಕೆ ಸಾರು ಹಾಕ್ಲಾ ಅಂತ ನಾನು ದಿನಾ ಕೇಳ್ತೀನಿ. ನೀವು ಬಾಯ್ಬಿಟ್ಟು ಕೇಳ್ಲಿ ಅಂತ ಕಾಯ್ತೀನಾ?"

ಮನೆಯಲ್ಲಿ ಜಗಳವಿಲ್ಲ, ಗೋಡೆ ಎದ್ದಿಲ್ಲ, ಎಂಥ ಸಂಸಾರ ನಮ್ಮದು ಎಂದು ಹತ್ತೊಂಬತ್ತು ವರ್ಷ ಬೀಗಿದ್ದೆ. ಅವಳು ಸುಮ್ಮನಿದ್ದದ್ದನ್ನು ನೆಮ್ಮದಿ ಎಂದು ತಿಳಿದಿದ್ದೆ. ನಾನೂರ ಹನ್ನೆರಡು ಮದುವೆಯಲ್ಲಿ ಕೂಡಿಸಿದ ರಿಮೋಟು ಆಮೇಲೆ ಯಾರ ಕೈಯಲ್ಲಿ ಉಳಿಯಿತು ಎಂದು ಒಂದು ಮನೆಯಲ್ಲಾದರೂ ನಾನು ತಿರುಗಿ ನೋಡಿದವನಲ್ಲ.

ನಲವತ್ತೆರಡನೆಯ ದಿನ ನಲವತ್ತನಾಲ್ಕನೆಯ ಗುಂಡಿಯೂ ಕಲಿತು ಮುಗಿಯಿತು. ಇಷ್ಟು ಹೊತ್ತಿಗೆ ಸ್ಟೂಲು ಹೋಗಿ ಏಣಿ ಬಂದಿತ್ತು. ಕೊನೆಗೆ ಒಂದು ಗುಂಡಿ ಒತ್ತಿದರೆ ಎಲ್ಲವೂ ಸರದಿಯ ಪ್ರಕಾರ ಎಚ್ಚರವಾಗುವ ಹಾಗೆ ಮಾಡಿದೆ. ಮೊದಲ ಸಲ ಒತ್ತಿದಾಗ ಎದ್ದಿದ್ದ ಟಿವಿ ಮಲಗಿತು, ಮಲಗಿದ್ದ ಕಂಪ್ಯೂಟರು ಎದ್ದಿತು, ನೀರಿನ ಮೋಟಾರು ಕರೆಯದೆ ಓಡಿತು. ಮಾರನೆಯ ಬೆಳಿಗ್ಗೆಗೆ ಅದನ್ನೂ ತಿದ್ದಿದೆ. ಏಣಿಯ ಮೇಲೆ ನಿಂತು ಮಾಡಿನ ಸಂದಿಯಿಂದ ಕೈ ಚಾಚಿ ಒಂದೇ ಗುಂಡಿ ಒತ್ತಿದೆ. ಆಂಪ್ಲಿಫೈಯರು ಎದ್ದಿತು, ಕಂಪ್ಯೂಟರು ಎದ್ದಿತು, ನನ್ನ ಕಡೆ ಟಿವಿ ಎದ್ದಿತು, ರೈಲು ಹೊರಟಿತು. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕವಾದ ಕೆಲಸ ಮಾಡಿರಲಿಲ್ಲ.

"ನೋಡಿದ್ಯಾ! ಇನ್ನು ನಿನ್ನದನ್ನ ಕೆರೆಗೆ ಬಿಟ್ಟು ಬಾ" ಎಂದೆ.

"ಕಲಿಸ್ತೀನಿ ಅಂದಿದ್ದೆ, ಕಲಿಸ್ದೆ. ಬಿಟ್ಟು ಬರ್ತೀನಿ ಅಂತ ಯಾವಾಗ ಅಂದೆ?"

"ಇನ್ನೈದು ದಿನ ಇದೆ ಅಷ್ಟೇ, ಹುಚ್ಚಿ!"

"ಹುಚ್ಚಿ ಅಂದ್ರಲ್ಲ, ಹಾಗಾದ್ರೆ ಹುಚ್ಚೀನೇ ಅಂದ್ಕೊಳ್ಳಿ. ಅದು ಎಷ್ಟು ಕಲಿತ್ರೇನು? ಹೋಗಿ ಸೇರೋದು ನಿಮ್ಮ ಜೇಬಿಗೇ ತಾನೆ?"

ನನಗೆ ಕೋಪ ಬಂತು. ಹಾಳಾಗಿ ಹೋಗು, ಅರ್ಧ ಮನೆಯಲ್ಲಿ ರೈಲು ನೋಡಿಕೊಂಡಿರು ಎಂದುಬಿಟ್ಟೆ. ಆಡಿದ ಮಾತು ಬಿಟ್ಟ ಬಾಣ. ಆಮೇಲೆ ನಾಲ್ಕು ದಿನ ಮಾತಿಲ್ಲ. ಊಟ ಮಾತ್ರ ತಪ್ಪದೆ ಬರುತ್ತಿತ್ತು, ಸಂದಿಯಲ್ಲಿ ಹಿಡಿಸುವ ಊಟ. ಮೊದಲು ಲೋಟ ನಿಂತಿತು, ಆಮೇಲೆ ಬಟ್ಟಲು ನಿಂತಿತು. ಕೊನೆಗೆ ರೊಟ್ಟಿ ಒಂದೇ ಬರುತ್ತಿತ್ತು, ಮೇಲೆ ಚಟ್ನಿ ಸವರಿಕೊಂಡು. ನಾನು ಪೈಪಿನಲ್ಲಿ ನೀರು ಬಿಡುತ್ತಿದ್ದೆ. ಸಂಜೆ ರೈಲು ಓಡುತ್ತಿತ್ತು, ಆದರೆ ಏನು ಕಾಣುತ್ತಿದೆ ಎಂದು ಅವಳು ಕೇಳಲಿಲ್ಲ. ನಾನು ಆ ಹಿಮವನ್ನು ಒಬ್ಬನೇ ನೋಡಿಕೊಂಡು ಕೂತಿರುತ್ತಿದ್ದೆ. ಗೋಡೆಗೆ ಕಿವಿ ಕೊಟ್ಟು ಅವಳು ಕೆಮ್ಮುವುದನ್ನು, ಪಾತ್ರೆ ಇಡುವುದನ್ನು ಕೇಳುತ್ತಿದ್ದೆ. ನಾಡಿದ್ದಿನಿಂದ ಇದೂ ಕೇಳಿಸುವುದಿಲ್ಲ.

ನಲವತ್ತೆಂಟನೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಖಾಸಿಂ ಸಾಬರು ಬಂದರು. ಪುರಸಭೆಯ ಪರವಾಗಿ ಮನೆಗಳಿಗೆ ನಂಬರು ಬರೆಯುವವರು ಅವರು. ಒಂದು ಕೈಯಲ್ಲಿ ಕರಿ ಬಣ್ಣದ ಡಬ್ಬ, ಕಿವಿಯಲ್ಲಿ ಬ್ರಷ್ಷು. ಊರಿನಲ್ಲಿ ಯಾರ ಮನೆಯ ಗೋಡೆ ಯಾವತ್ತು ತಾಗುತ್ತದೆ ಎಂಬುದು ಅವರಿಗೆ ಮನೆಯವರಿಗಿಂತ ಮೊದಲೇ ಗೊತ್ತಿರುತ್ತದೆ.

"ಹನ್ನೆರಡಕ್ಕೆ ಅಲ್ವಾ ಗುರುಪಾದಪ್ಪನೋರೆ? ಸ್ವಲ್ಪ ಬೇಗ ಬಂದೆ. ನಿಮ್ಮನೇಲಿ ಇಂಥಾದ್ದು ಬರೀಬೇಕಾಗುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಸರಿ, ಮೂವತ್ತೇಳು ಯಾರಿಗೆ, ಮೂವತ್ತೇಳೂವರೆ ಯಾರಿಗೆ ಹೇಳಿ."

"ಪದ್ಧತಿ ಏನು?"

"ಮುಂಬಾಗ್ಲು ಇರೋರಿಗೆ ಪೂರ್ತಿ. ಹಿತ್ಲು ಬಾಗ್ಲೋರಿಗೆ ಅರ್ಧ. ಅಂದ್ರೆ ನಿಮ್ಗೆ ಪೂರ್ತಿ, ಅಮ್ಮನೋರಿಗೆ ಅರ್ಧ."

ಅವರು ಲೆಕ್ಕಕ್ಕೆ ಹೇಳಿದ್ದು. ಆದರೆ ನನಗೆ ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು. ಇದು ಇವತ್ತಿನ ಮಾತಲ್ಲ, ಹತ್ತೊಂಬತ್ತು ವರ್ಷದಿಂದಲೂ ಹೀಗೇ ಇತ್ತು, ಇವರು ಬಂದು ಬಣ್ಣದಲ್ಲಿ ಬರೆಯುವುದೊಂದು ಬಾಕಿ. "ಸ್ವಲ್ಪ ಕೂತಿರಿ ಸಾಬ್ರೆ, ಬಂದೆ" ಎಂದವನು ಚಪ್ಪಲಿ ಕೂಡ ಮೆಟ್ಟದೆ ಕೆರೆಯ ಕಡೆ ಹೊರಟೆ.

ಕೆರೆ ಏರಿಯ ಮೇಲೆ ನಿಂತು ಜೇಬಿನಿಂದ ರಿಮೋಟು ತೆಗೆದೆ. ನಾನು ಈ ಏರಿಯ ಮೇಲೆ ನಿಂತು ನೂರಾರು ರಿಮೋಟು ಎಸೆದವನು, ಅವು ಬೇರೆಯವರವು. ಇದರ ಗುಂಡಿಗಳ ಅಕ್ಷರ ಅಳಿಸಿಹೋಗಿತ್ತು, ನನ್ನ ಹೆಬ್ಬೆರಳಿಗೆ ಮಾತ್ರ ಓದುವುದಕ್ಕೆ ಬರುತ್ತಿತ್ತು. ಈಗ ಅದರಲ್ಲಿ ಅವಳ ನಲವತ್ತನಾಲ್ಕೂ ಇದ್ದವು. ಎಸೆದೆ. ಒಂದು ಸಲ ಪುಳಕ್ಕೆಂದಿತು. ಆಮೇಲೆ ಜೇಬು ಮುಟ್ಟಿ ನೋಡಿಕೊಂಡೆ, ಅಳು ಬಂತು. ಅತ್ತೆ. ಹತ್ತಿರ ಯಾರೂ ಇಲ್ಲ ಎಂದುಕೊಂಡಿದ್ದೆ.

ತಿರುಗಿದರೆ ಹತ್ತು ಮಾರು ದೂರದಲ್ಲಿ ದಾಕ್ಷಾಯಿಣಿ ನಿಂತಿದ್ದಳು. ಇಪ್ಪತ್ತೈದು ದಿನವಾಗಿತ್ತು ಮುಖ ನೋಡಿ. ಇಳಿದುಹೋಗಿದ್ದಳು, ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಕೈಯಲ್ಲಿ ಕಂಪ್ಯೂಟರಿನ ರಿಮೋಟು ಇತ್ತು.

"ಬೇಡ! ಎಸೀಬೇಡ!" ಎಂದು ಓಡಿದೆ. "ನಂದು ಹೋಯ್ತು. ನಿಂದು ಇಟ್ಕೋ. ಒಂದು ಉಳೀತಲ್ಲ, ಗೋಡೆ ಇಳಿಯುತ್ತೆ. ಫ್ಯಾನು, ಮೋಟಾರು ಎಲ್ಲಾ ಅದಕ್ಕೇ ಕಲಿಸಿಕೊಡ್ತೀನಿ. ಇನ್ನು ಅದು ನಿನ್ನ ಕೈಲೇ ಇರ್ಲಿ, ನಾನು ಕೇಳೋದೇ ಇಲ್ಲ."

ಅವಳು ಆ ರಿಮೋಟನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನನ್ನ ಕೈಲೇ ಇರುತ್ತೆ. ನೀವು ಪಕ್ಕದಲ್ಲಿ ಕೂತಿರ್ತೀರ."

"ಹ್ಞೂಂ, ಕೂತಿರ್ತೀನಿ."

"ನಾನು ಹಾಕಿದ್ದನ್ನ ನೋಡ್ತೀರ. ಬೇಜಾರಾದ್ರೂ ಸುಮ್ನಿರ್ತೀರ."

"ಹ್ಞೂಂ, ಸುಮ್ನಿರ್ತೀನಿ."

"ಆ ಜಾಗದಲ್ಲಿ ಹತ್ತೊಂಬತ್ತು ವರ್ಷ ಕೂತಿದ್ದೀನ್ರೀ ನಾನು. ನನ್ನ ಶತ್ರೂಗೂ ಬೇಡ" ಎಂದಳು. ನಾನು ಕೈ ಹಿಡಿಯುವಷ್ಟರಲ್ಲಿ ಎಸೆದುಬಿಟ್ಟಳು. ನನ್ನದಕ್ಕಿಂತ ದೂರ ಹೋಗಿ ಬಿತ್ತು.

ಇಬ್ಬರೂ ನೀರು ನೋಡುತ್ತಾ ನಿಂತೆವು. ಒಂದು ಇದ್ದರೆ ಮನೆ, ಎರಡಾದರೆ ಗೋಡೆ. ಒಂದೂ ಇಲ್ಲದಿದ್ದರೆ? ಊರಿನ ಚರಿತ್ರೆಯಲ್ಲಿ ಅಂಥ ಮನೆಯೇ ಇರಲಿಲ್ಲ. ಹಾಗೆಂದು ನಾನು ಹೇಳಿದಾಗ ಅವಳೂ ಗಾಬರಿಯಾದಳು. ಸೀರೆ ಎತ್ತಿ ಕಟ್ಟಿಕೊಂಡು ಅವಳು, ಬರಿಗಾಲಲ್ಲಿ ನಾನು, ಇಬ್ಬರೂ ಮನೆಗೆ ಓಡಿದೆವು.

ನಾವು ಬೀದಿ ಮೂಲೆ ತಿರುಗುವುದಕ್ಕೂ ಸೈರನ್ನು ಕೂಗುವುದಕ್ಕೂ ಸರಿಹೋಯಿತು. ಮನೆಯ ಬಾಗಿಲು ತೆರೆದೇ ಇತ್ತು. ನಡುವಿನ ಗೋಡೆ ಮೇಲೇಳಲಿಲ್ಲ. ನೀರಿಗೆ ಬಿದ್ದ ಸಕ್ಕರೆ ಅಚ್ಚಿನ ಹಾಗೆ ಅಂಚು ಕರಗಿ, ಸದ್ದಿಲ್ಲದೆ ಇಳಿದು ನೆಲದೊಳಗೆ ಹೋಯಿತು. ನಾನು ಉಸ್ಸೆಂದೆ. ದಾಕ್ಷಾಯಿಣಿ ನನ್ನ ತೋಳು ಹಿಡಿದು ಬಾಗಿಲ ಕಡೆ ತೋರಿಸಿದಳು. ಬಾಗಿಲೂ ಇಳಿಯುತ್ತಿತ್ತು. ಮುಂದಿನ ಗೋಡೆ ಇಳಿಯಿತು, ಹಿತ್ತಿಲ ಗೋಡೆ ಇಳಿಯಿತು, ಎಡಬಲದವೂ ಇಳಿದವು. ಮಾಡು ಮಾತ್ರ ಇದ್ದಲ್ಲೇ ನಿಂತಿತು. ಅದಕ್ಕೆ ಯಾರೂ ಏನೂ ಹೇಳಿರಲಿಲ್ಲವೆಂದು ಕಾಣುತ್ತದೆ. ಐದು ನಿಮಿಷದಲ್ಲಿ ನಮ್ಮ ಸೋಫಾ, ಅಕ್ಕಿ ಡಬ್ಬಿ, ಟಿವಿ, ಐದು ಸ್ಪೀಕರು ಎಲ್ಲಾ ಬೀದಿಗೆ ಬಿದ್ದಿದ್ದವು. ರೈಲು ಗಡಗಡ ಓಡುತ್ತಿತ್ತು. ಕೆರೆಗೆ ಹೊರಡುವಾಗ ಅವಳು ಹಾಕಿ ಬಂದಿದ್ದಳು, ನಿಲ್ಲಿಸುವುದಕ್ಕೆ ಈಗ ರಿಮೋಟು ಇರಲಿಲ್ಲ.

ಖಾಸಿಂ ಸಾಬರು ಅದ್ದಿದ ಬ್ರಷ್ಷು ಹಿಡಿದುಕೊಂಡು ಮನೆಯ ಸುತ್ತ ಎರಡು ಸುತ್ತು ಬಂದರು. "ಎಲ್ಲಿ ಬರೀಲಿ ನಾನು?" ಎಂದು ಕೇಳಿದರು. ಆಮೇಲೆ ಡಬ್ಬಕ್ಕೆ ಮುಚ್ಚಳ ಹಾಕಿ, ಸೋಫಾದ ತುದಿಯಲ್ಲಿ ಕೂತು, "ಇದು ಎಲ್ಲಿಗೆ ಹೋಗೋ ರೈಲಮ್ಮ?" ಎಂದರು. "ಗೊತ್ತಿಲ್ಲ ಸಾಬ್ರೆ, ಏಳು ಗಂಟೆ ಹೋಗುತ್ತೆ, ಆರಾಮಾಗಿ ಕೂತ್ಕೊಳ್ಳಿ" ಎಂದಳು ದಾಕ್ಷಾಯಿಣಿ. ಸಂಜೆಯ ಹೊತ್ತಿಗೆ ಬೀದಿಯ ಅರ್ಧ ಜನ ಅಲ್ಲಿದ್ದರು. ಪಂಚಾಕ್ಷರಿ ನಮ್ಮ ಹಜಾರದಲ್ಲಿ ಅಡ್ಡಡ್ಡ ಮಲಗಿ ಎರಡೂ ಮಗ್ಗುಲು ಹೊರಳಿ ನೋಡಿದ.

ಎಲ್ಲರೂ ಎದ್ದು ಅವರವರ ಮನೆಗೆ ಹೋದ ಮೇಲೆ ರೈಲು ನಿಂತಿತು. ಟಿವಿಯ ಮೇಲೆ ಮೂರು ಸಾವಿರ ಸಿನಿಮಾಗಳ ಪಟ್ಟಿ ಬಂತು. ರಿಮೋಟು ಇಲ್ಲದಿದ್ದರೆ ಕಂಪ್ಯೂಟರನ್ನು ಅದರ ಮೈಮೇಲಿನ ಗುಂಡಿಯಿಂದಲೇ ನಡೆಸಬೇಕು, ಯಾರಾದರೂ ಹತ್ತಿರ ಹೋಗಿ ನಿಲ್ಲಬೇಕು. ನಾನು ಎದ್ದು ಹೋಗಿ ಪೆಟ್ಟಿಗೆಯ ಪಕ್ಕದಲ್ಲಿ ನಿಂತೆ.

"ಏನು ಹಾಕ್ಲಿ ಹೇಳು. ರೈಲೇ ಹಾಕ್ಲಾ?"

"ರೈಲೇನೂ ನಾನು ಆರಿಸಿದ್ದಲ್ಲ" ಎಂದಳು. "ಮೊದಲ್ನೇ ದಿನ ಯಾವುದೋ ಗುಂಡಿ ಒತ್ತಿದೆ, ಅದು ಬಂತು. ಬದಲಾಯಿಸೋದು ಹೇಗೆ ಅಂತ ನಿಮ್ಮನ್ನ ಕೇಳೋಕೆ ಮನಸ್ಸಾಗ್ಲಿಲ್ಲ. ಆಮೇಲೆ ಅಭ್ಯಾಸ ಆಯ್ತು."

"ಸರಿ, ಹಾಗಾದ್ರೆ ಏನು ನೋಡ್ತೀಯ?"

ಅವಳು ಪಟ್ಟಿಯನ್ನು ನೋಡಿದಳು. ಬೀದಿಯ ಗಾಳಿ ಹಜಾರದೊಳಗೆಲ್ಲಾ ಓಡಾಡುತ್ತಿತ್ತು.

"ಗೊತ್ತಿಲ್ಲ ಕಣ್ರೀ" ಎಂದಳು ಕೊನೆಗೆ. "ನನಗೇನು ಇಷ್ಟ ಅಂತ ಯೋಚ್ನೆ ಮಾಡೇ ಇಲ್ಲ. ಸ್ವಲ್ಪ ಹೊತ್ತು ಬೇಕು."

"ಆಗ್ಲಿ, ನಿಧಾನ" ಎಂದೆ. ಅವಳು ಸೋಫಾದ ಮೇಲೆ ಕಾಲು ಮಡಚಿಕೊಂಡು ಕೂತು ಮೊದಲ ಹೆಸರಿನಿಂದ ಓದುವುದಕ್ಕೆ ಶುರು ಮಾಡಿದಳು. ನಾನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಿಂತೇ ಇದ್ದೆ.